ಕೆಂಪು ತಂತಿ ಯಾರ ಕಡೆಯದು?

1960ರ ದಶಕದ ನಡುವಿನವರೆಗೂ ಪಶ್ಚಿಮ ಜರ್ಮನಿಯ ಮನೆಗಳಲ್ಲಿ ಕೆಂಪು ತಂತಿ ಎಂದರೆ ಅರ್ಥಿಂಗ್. ಯಂತ್ರದ ಮೈಗೆ ಕರೆಂಟು ಸೋರಿದರೆ ಅದನ್ನು ನೆಲಕ್ಕಿಳಿಸಿ ಮನುಷ್ಯನನ್ನು ಉಳಿಸುವ ತಂತಿ ಅದು. ಅಲ್ಲಿ ಕಪ್ಪು ಫೇಸ್, ಬೂದು ನ್ಯೂಟ್ರಲ್. ಅದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಕೆಂಪು ಎಂದರೆ ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ಥಿಂಗ್. ಅವರವರ ಊರಿನಲ್ಲಿ ಇಬ್ಬರೂ ಸರಿಯೇ. ತೊಡಕು ಶುರುವಾಗುವುದು ಜರ್ಮನಿಯಲ್ಲಿ ತಯಾರಾದ ಲೋಹದ ಮೈಯ ಯಂತ್ರವೊಂದು ಹಡಗು ಹತ್ತಿ ಬ್ರಿಟನ್ನಿನ ಅಂಗಡಿಗೆ ಬಂದಾಗ.

ಆಗ ಬ್ರಿಟನ್ನಿನಲ್ಲಿ ಸಾಮಾನು ಕೊಂಡರೆ ತಂತಿ ಬರುತ್ತಿತ್ತು, ಪ್ಲಗ್ ಬರುತ್ತಿರಲಿಲ್ಲ. ಕೆಲವು ಮನೆಗಳಲ್ಲಿ ಬ್ರಿಟಿಷ್ ಮಾನಕ ಬಿಎಸ್ 546ರ ಹಳೆಯ ದುಂಡು ಪಿನ್ನಿನ ಸಾಕೆಟ್, ಕೆಲವು ಮನೆಗಳಲ್ಲಿ 1947ರ ಬಿಎಸ್ 1363ರ ಚಪ್ಪಟೆ ಪಿನ್ನಿನದು. ಯಾರ ಮನೆಯಲ್ಲಿ ಯಾವುದಿದೆಯೋ ಅಂಗಡಿಯವನಿಗೆ ಹೇಗೆ ಗೊತ್ತು? ಹಾಗಾಗಿ ಗಿರಾಕಿಯೇ ಪ್ಲಗ್ ತಂದು, ಸ್ಕ್ರೂಡ್ರೈವರ್ ಹಿಡಿದು ಕೂರಬೇಕಿತ್ತು. ಅವನ ಕೈಗೆ ಜರ್ಮನಿಯ ಕೆಂಪು ತಂತಿ ಸಿಕ್ಕಿತು ಎನ್ನಿ. ಹುಟ್ಟಿದಾಗಿನಿಂದ ಕಂಡ ಹಾಗೆ ಕೆಂಪನ್ನು ಫೇಸಿನ ಪಿನ್ನಿಗೆ ಬಿಗಿದ, ಕಪ್ಪನ್ನು ನ್ಯೂಟ್ರಲ್‌ಗೆ ಬಿಗಿದ, ಉಳಿದ ಬೂದು ತಂತಿಯನ್ನು ಅರ್ಥಿಂಗ್‌ಗೆ ಕೊಟ್ಟ. ಸ್ವಿಚ್ ಹಾಕಿದರೆ ಯಂತ್ರ ತಿರುಗದು, ಆದರೆ ಅದರ ಮೈತುಂಬ 240 ವೋಲ್ಟು. ಯಾಕೆ ತಿರುಗಲಿಲ್ಲ ಎಂದು ನೋಡಲು ಅವನು ಕೈ ಚಾಚುತ್ತಾನೆ.

ತಂತಿಯ ಬಣ್ಣಕ್ಕೆ ಅಂತರರಾಷ್ಟ್ರೀಯ ನಿಯಮ ಯಾಕೆ ಬೇಕು ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರ ನನಗೆ ತಿಳಿದಿಲ್ಲ. ತಾಮ್ರಕ್ಕೆ ಬಣ್ಣದ ಹಂಗಿಲ್ಲ. ಕೆಂಪು ಪಿವಿಸಿಯ ಒಳಗೂ ಕಪ್ಪು ಪಿವಿಸಿಯ ಒಳಗೂ ಹರಿಯುವುದು ಒಂದೇ ಕರೆಂಟು. ಬಣ್ಣ ಇರುವುದು ಒಂದು ಕೈ ಇನ್ನೊಂದು ಕೈಗೆ ಹೇಳಿಹೋಗುವ ಮಾತಿನಂತೆ. ಹೇಳಿದವನು ಕಾರ್ಖಾನೆಯಲ್ಲಿರಬಹುದು, ಕೇಳುವವನು 30 ವರ್ಷದ ನಂತರ ಏಣಿಯ ಮೇಲೆ ನಿಂತಿರಬಹುದು. ಇಬ್ಬರೂ ಒಂದೇ ಭಾಷೆಯವರಾಗಿದ್ದರೆ ಮಾತ್ರ ಆ ಮಾತು ತಲುಪುತ್ತದೆ.

ಹೇಳಬೇಕಾದದ್ದು ಮೂರೇ ಸಂಗತಿ. ಕರೆಂಟು ತರುವುದು ಫೇಸ್, ಮರಳಿ ಒಯ್ಯುವುದು ನ್ಯೂಟ್ರಲ್, ಏನೂ ಎಡವಟ್ಟಾಗದಿದ್ದರೆ ಸುಮ್ಮನೆ ಕೂತಿರುವುದು ಅರ್ಥಿಂಗ್. ಅನೇಕರು ನ್ಯೂಟ್ರಲ್ ಎಂದರೆ ಸಾಧು ಎಂದುಕೊಂಡಿದ್ದಾರೆ. ಗೃಹಬಳಕೆಯ ವಿದ್ಯುತ್ ಉಪಕರಣಗಳಿಗೆ ಅಂತರರಾಷ್ಟ್ರೀಯ ವಿದ್ಯುತ್ ತಾಂತ್ರಿಕ ಆಯೋಗ (ಐಇಸಿ) ಮಾಡಿದ ಮಾನಕ 60335 ಹಾಗೆ ನಂಬುವುದಿಲ್ಲ. ಅದರ ವ್ಯಾಖ್ಯೆಯ ಪ್ರಕಾರ ನ್ಯೂಟ್ರಲ್ ಕೂಡ ಜೀವಂತ ಭಾಗವೇ, ಫೇಸಿನಷ್ಟೇ ಜಾಗ್ರತೆಯಿಂದ ಅದನ್ನೂ ಮುಚ್ಚಿಡಬೇಕು. ಎಲ್ಲೋ ಒಂದು ಕಡೆ ನ್ಯೂಟ್ರಲ್ ಕಡಿದುಹೋದರೆ ಅಲ್ಲಿಂದ ಈಚೆಗಿನ ನ್ಯೂಟ್ರಲ್ ತಂತಿ ಬಲ್ಬಿನ ಮೂಲಕವೋ ಫ್ಯಾನಿನ ಮೂಲಕವೋ ಫೇಸಿಗೆ ಅಂಟಿಕೊಂಡೇ ಇರುತ್ತದೆ. ಹಾಗಾಗಿ ಉತ್ಪನ್ನದ ಸುರಕ್ಷತೆಯ ಕಣ್ಣಿನಿಂದ ನೋಡಿದರೆ ಗೆರೆ ಬೀಳುವುದು ಫೇಸ್ ಮತ್ತು ನ್ಯೂಟ್ರಲ್ ನಡುವೆ ಅಲ್ಲ. ಅವೆರಡೂ ಒಂದು ಕಡೆ, ಅರ್ಥಿಂಗ್ ಇನ್ನೊಂದು ಕಡೆ. (ನಮ್ಮ ಕೆಲಸಗಾರರು ಕನ್ನಡದಲ್ಲಿ ಅರ್ಥ್ ಎಂದು ಬರೆದಾಗ ಅದು ಹೆಚ್ಚುಕಡಿಮೆ ಅರ್ಥವೇ ಆಗಿಬಿಡುತ್ತದೆ. ಬಣ್ಣಗಳ ವಿಷಯದಲ್ಲಿ ಅದೇನೂ ತಪ್ಪಲ್ಲ. ಅರ್ಥ ಕೆಡಬಾರದ ತಂತಿ ಯಾವುದಾದರೂ ಇದ್ದರೆ ಅದು ಅದೇ.)

ಯುರೋಪು ಈ ಗೊಂದಲ ಬಿಡಿಸಲು ಹೊರಟಾಗ ಯಾವ ದೇಶದ ಬಣ್ಣವನ್ನು ಅರ್ಥಿಂಗ್‌ಗೆ ಉಳಿಸಿಕೊಳ್ಳಬೇಕು ಎಂಬುದೇ ದೊಡ್ಡ ತಲೆನೋವಾಗಬಹುದಿತ್ತು. ಕೆಂಪು ಎಂದರೆ ಬ್ರಿಟನ್ನಿನವರು ಸಾಯುತ್ತಾರೆ. ಬರಿಯ ಹಸಿರು ಕೆಲವು ದೇಶಗಳಲ್ಲಿ ಫೇಸಿನ ಬಣ್ಣ. ಒಪ್ಪಿಗೆಯಾದದ್ದು ಒಂದೇ ತಂತಿಯ ಮೇಲೆ ಎರಡು ಬಣ್ಣದ ಪಟ್ಟೆ, ಹಸಿರು ಮತ್ತು ಹಳದಿ. ಇಲ್ಲಿ ಜಾಣತನವಿದೆ. ಪಟ್ಟೆಯ ತಂತಿಗೆ ಹಳೆಯ ಅರ್ಥವೇ ಇರಲಿಲ್ಲ. ಅದನ್ನು ಕಂಡ ಹಳೆಯ ಕೆಲಸಗಾರ ತಪ್ಪಾಗಿ ಓದುವ ಬದಲು ಇದೇನಿದು ಎಂದು ನಿಂತು ಕೇಳುತ್ತಾನೆ. ತಪ್ಪು ಉತ್ತರ ಗೊತ್ತಿರುವುದಕ್ಕಿಂತ ಉತ್ತರವೇ ಗೊತ್ತಿಲ್ಲದಿರುವುದು ಕರೆಂಟಿನ ಕೆಲಸದಲ್ಲಿ ಎಷ್ಟೋ ವಾಸಿ.

ಎರಡನೆಯ ಲಾಭ ಕಣ್ಣಿನದು. ಕೆಂಪು-ಹಸಿರು ಬೇರ್ಪಡಿಸಿ ನೋಡಲಾಗದ ವರ್ಣಾಂಧತೆ ಉತ್ತರ ಯುರೋಪಿನ ಮೂಲದ ಗಂಡಸರಲ್ಲಿ ಸುಮಾರು ಶೇ. 8ರಷ್ಟು ಮಂದಿಗಿದೆ. ಕೆಂಪು ಫೇಸ್, ಹಸಿರು ಅರ್ಥಿಂಗ್ ಎಂಬ ಹಳೆಯ ಬ್ರಿಟಿಷ್ ಪದ್ಧತಿ ಅಂಥವರ ಮಟ್ಟಿಗೆ ಅತ್ಯಂತ ಕೆಟ್ಟ ಜೋಡಿ. ಪಟ್ಟೆಗೆ ಆ ಕಷ್ಟವಿಲ್ಲ. ಬಣ್ಣ ಯಾವುದೆಂದು ತಿಳಿಯದಿದ್ದರೂ ಒಂದು ತಿಳಿ, ಒಂದು ಗಾಢ ಎಂದು ಕಾಣುತ್ತದೆ. ಈ ಗೆರೆ ಎಲ್ಲೋ ಒಂದು ಕಡೆ ಕೂದಲೆಳೆಯಷ್ಟಿದ್ದರೆ ಸಾಲದು ಎಂದು ಅಳತೆಯೂ ಇದೆ. ತಂತಿಯ ಯಾವುದೇ 15 ಮಿಲಿಮೀಟರ್ ತುಂಡು ತೆಗೆದುಕೊಂಡರೂ ಎರಡರಲ್ಲಿ ಒಂದು ಬಣ್ಣ ಮೇಲ್ಮೈಯ ಕನಿಷ್ಠ ಶೇ. 30, ಗರಿಷ್ಠ ಶೇ. 70 ಭಾಗವನ್ನು ಮುಚ್ಚಿರಬೇಕು, ಉಳಿದದ್ದನ್ನು ಇನ್ನೊಂದು. ಹಾಗಾಗಿ ಜಂಕ್ಷನ್ ಬಾಕ್ಸಿನ ಮೂಲೆಯಲ್ಲಿ ಬೆರಳುದ್ದ ಮಾತ್ರ ಇಣುಕಿದರೂ ಗುರುತು ಸಿಗುತ್ತದೆ.

ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯ. ಈ ಪಟ್ಟೆಯನ್ನು ಬೇರೆ ಯಾವ ಕೆಲಸಕ್ಕೂ ಬಳಸುವಂತಿಲ್ಲ. ಐಇಸಿಯ ಬಣ್ಣದ ನಿಯಮ ಮೊದಲು 60446 ಎಂಬ ಪ್ರತ್ಯೇಕ ಮಾನಕವಾಗಿತ್ತು, 2010ರಿಂದ 60445ರೊಳಗೆ ಸೇರಿಕೊಂಡಿದೆ. ಅದರಲ್ಲಿ ನ್ಯೂಟ್ರಲ್‌ಗೆ ನೀಲಿ. ಆದರೆ ನ್ಯೂಟ್ರಲ್ಲೇ ಇಲ್ಲದ ಕಡೆ ನೀಲಿ ತಂತಿಯನ್ನು ಬೇರೆ ಕೆಲಸಕ್ಕೆ ಹಚ್ಚಬಹುದು. ಹಸಿರು-ಹಳದಿಗೆ ಆ ರಿಯಾಯಿತಿ ಇಲ್ಲ. ಉಪಕರಣಗಳ ಮಾನಕವೂ ಅದನ್ನೇ ಹೇಳುತ್ತದೆ: ಯಂತ್ರದ ಒಳಗೂ ಹಸಿರು-ಹಳದಿ ತಂತಿ ಅರ್ಥಿಂಗ್‌ಗೆ ಮಾತ್ರ. ಜೊತೆಗೆ ಇನ್ನೊಂದು ಚಿಕ್ಕ ನಿಯಮ ಇದೆ, ಬಣ್ಣಕ್ಕೆ ಸಂಬಂಧಿಸಿದ್ದಲ್ಲ, ಆದರೆ ಅದರ ಮನಸ್ಸನ್ನೇ ಹೇಳುವಂಥದು. ತಂತಿಯನ್ನು ಯಾರಾದರೂ ಎಳೆದು ಕಿತ್ತರೆ ಫೇಸ್ ಮತ್ತು ನ್ಯೂಟ್ರಲ್ ಮೊದಲು ಬಿಗಿಯಾಗಿ ಕಿತ್ತುಬರಬೇಕು, ಅರ್ಥಿಂಗ್ ಕೊನೆಗೆ. ಅದಕ್ಕಾಗಿ ಒಳಗೆ ಅರ್ಥಿಂಗ್ ತಂತಿಯನ್ನು ಸ್ವಲ್ಪ ಉದ್ದ ಬಿಟ್ಟಿರುತ್ತಾರೆ. ಹಳೆಯ ಇಸ್ತ್ರಿಪೆಟ್ಟಿಗೆಯನ್ನು ಬಿಚ್ಚಿ ನೋಡಿದವರಿಗೆ ಆ ಸಡಿಲ ಬಳುಕು ನೆನಪಿರಬಹುದು.

ಉಳಿದ ಎರಡು ತಂತಿಗಳ ಕಥೆ ಇಷ್ಟು ಚೊಕ್ಕವಲ್ಲ. ಉಪಕರಣದಿಂದ ಪ್ಲಗ್ಗಿಗೆ ಹೋಗುವ ಬಳ್ಳಿಗೆ ಕಂದು ಫೇಸ್, ನೀಲಿ ನ್ಯೂಟ್ರಲ್ ಎಂದಾಯಿತು. ಬ್ರಿಟನ್ 1969ರಲ್ಲಿ ಉಪಕರಣಗಳ ತಂತಿಗೆ ಇದನ್ನು ಕಾನೂನು ಮಾಡಿತು. ಪ್ಲಗ್ ಜೋಡಿಸಿಯೇ ಮಾರಬೇಕು ಎಂಬ ಕಾನೂನು ಬಂದದ್ದು ಮಾತ್ರ 1994ರಲ್ಲಿ. ನಡುವಿನ ಕಾಲು ಶತಮಾನ ಜನ ಪ್ಲಗ್ಗನ್ನು ತಾವೇ ಹಾಕಿಕೊಳ್ಳುತ್ತಲೇ ಇದ್ದರು. ಪ್ರತಿ ಸಾಮಾನಿನ ಜೊತೆಗೂ ಈ ತಂತಿಯ ಬಣ್ಣ ನಿಮ್ಮ ಪ್ಲಗ್ಗಿನ ಗುರುತಿಗೆ ಹೊಂದದೇ ಇರಬಹುದು, ಹೀಗೆ ಜೋಡಿಸಿ ಎಂಬ ಚೀಟಿ ಬರುತ್ತಿತ್ತು. ನನಗನಿಸುವುದು, ಬಣ್ಣ ಬದಲಿಸಿದ್ದಕ್ಕಿಂತ ಗಿರಾಕಿಯ ಕೈಯಿಂದ ಸ್ಕ್ರೂಡ್ರೈವರ್ ಕಿತ್ತುಕೊಂಡದ್ದೇ ಹೆಚ್ಚು ಕೆಲಸ ಮಾಡಿರಬೇಕು. ಅಚ್ಚಿನಲ್ಲಿ ಒತ್ತಿದ ಪ್ಲಗ್ಗಿನೊಳಗೆ ಯಾವ ಬಣ್ಣವಿದೆ ಎಂದು ಯಾರೂ ನೋಡುವುದೇ ಇಲ್ಲ.

ಇನ್ನೊಂದು ತಮಾಷೆ ಜರ್ಮನಿಯದೇ. ಅಲ್ಲಿನ ಶುಕೋ ಪ್ಲಗ್ಗನ್ನು ಎರಡು ರೀತಿಯಲ್ಲೂ ತಿರುಗಿಸಿ ಚುಚ್ಚಬಹುದು. ಅರ್ಥಿಂಗ್ ಪಕ್ಕದ ಲೋಹದ ಪಟ್ಟಿಗಳಲ್ಲಿ ಕೂರುವುದರಿಂದ ಅದಕ್ಕೆ ತೊಂದರೆಯಿಲ್ಲ. ಆದರೆ ಒಂದು ಸಲ ಕಂದು ತಂತಿ ಫೇಸ್ ಆಗಿದ್ದರೆ, ಕಸ ಗುಡಿಸಲು ಪ್ಲಗ್ ಕಿತ್ತು ಮತ್ತೆ ಹಾಕಿದಾಗ ಅದೇ ಕಂದು ನ್ಯೂಟ್ರಲ್ ಆಗಿರಬಹುದು. ಅಂದರೆ ಇಷ್ಟು ಕಷ್ಟಪಟ್ಟು ಒಪ್ಪಿಕೊಂಡ ಕಂದು-ನೀಲಿಯ ಭೇದ ಗೋಡೆಯ ಸಾಕೆಟ್ ದಾಟಿದ ಕ್ಷಣವೇ ಯುರೋಪಿನ ಬಹುಭಾಗದಲ್ಲಿ ಅಳಿಸಿಹೋಗುತ್ತದೆ. ನ್ಯೂಟ್ರಲ್ಲನ್ನೂ ಜೀವಂತ ಎಂದೇ ಎಣಿಸಬೇಕು ಎಂಬ ನಿಯಮದ ಹಿಂದೆ ಇಂಥ ವಾಸ್ತವವಿದೆ.

ಬಳ್ಳಿಯ ಬಣ್ಣ ಬದಲಾಯಿತು, ಗೋಡೆಯ ಬಣ್ಣ ಬದಲಾಗಲಿಲ್ಲ. ಬಳ್ಳಿ ಗಡಿ ದಾಟುವ ಸರಕು, ಅದಕ್ಕೆ ವ್ಯಾಪಾರಿಗಳ ಒತ್ತಾಯವಿತ್ತು. ಗೋಡೆ ಎಲ್ಲಿಗೂ ಹೋಗುವುದಿಲ್ಲ. ಬ್ರಿಟನ್ನಿನ ಗೋಡೆಗಳೊಳಗೆ ಅರ್ಥಿಂಗ್ ಮಾತ್ರ 1977ರಲ್ಲಿ ಹಸಿರು-ಹಳದಿಯಾಯಿತು. ಫೇಸ್ ಕೆಂಪಾಗಿಯೇ, ನ್ಯೂಟ್ರಲ್ ಕಪ್ಪಾಗಿಯೇ, ತ್ರೀಫೇಸ್ ಕೆಂಪು-ಹಳದಿ-ನೀಲಿಯಾಗಿಯೇ 2004ರವರೆಗೆ ಉಳಿದವು. ಆ ವರ್ಷ ಮಾರ್ಚ್ 31ರಿಂದ ವೈರಿಂಗ್ ನಿಯಮ ಬಿಎಸ್ 7671 ಹೊಸ ಬಣ್ಣಗಳಿಗೆ ಬಾಗಿಲು ತೆರೆಯಿತು, 2006ರ ಏಪ್ರಿಲ್ 1ರಿಂದ ಹೊಸ ಕೆಲಸಕ್ಕೆಲ್ಲ ಅವನ್ನೇ ಕಡ್ಡಾಯ ಮಾಡಿತು. ಕಂದು, ಕಪ್ಪು, ಬೂದು ಮೂರು ಫೇಸುಗಳು, ನೀಲಿ ನ್ಯೂಟ್ರಲ್.

ಇಲ್ಲೇ ಕುತ್ತಿಗೆಗೆ ಬಂದದ್ದು. ಕೆಂಪಿನ ಬದಲು ಕಂದು ಬಂದರೆ ಯಾರೂ ಬೀಳುವುದಿಲ್ಲ, ಕಂದು ಹೊಸದು. ಆದರೆ ನಿನ್ನೆಯವರೆಗೆ ನ್ಯೂಟ್ರಲ್ ಆಗಿದ್ದ ಕಪ್ಪು ಇವತ್ತಿನಿಂದ ಫೇಸ್. ನಿನ್ನೆಯವರೆಗೆ ಫೇಸ್ ಆಗಿದ್ದ ನೀಲಿ ಇವತ್ತಿನಿಂದ ನ್ಯೂಟ್ರಲ್. ಹಳೆಯ ಕಟ್ಟಡಕ್ಕೆ ಹೊಸ ಕೋಣೆ ಸೇರಿಸಿದರೆ ಒಂದೇ ಪೆಟ್ಟಿಗೆಯೊಳಗೆ ಕಪ್ಪಿಗೆ ಎರಡು ಅರ್ಥ. ಅದಕ್ಕೆಂದೇ ಡಿಸ್ಟ್ರಿಬ್ಯೂಷನ್ ಬೋರ್ಡಿನ ಮೇಲೆ, ಈ ಕಟ್ಟಡದಲ್ಲಿ ಎರಡು ಕಾಲದ ಬಣ್ಣಗಳಿವೆ, ಕೈ ಹಾಕುವ ಮುನ್ನ ಪ್ರತಿ ತಂತಿಯನ್ನೂ ಗುರುತಿಸಿಕೊಳ್ಳಿ ಎಂಬರ್ಥದ ಫಲಕ ಅಂಟಿಸಬೇಕೆಂದು ನಿಯಮ ಮಾಡಿದರು. ಸುರಕ್ಷತೆಗಾಗಿ ಬಣ್ಣ ಬದಲಿಸಿ, ಬದಲಿಸಿದ್ದರಿಂದ ಅಪಾಯವಿದೆ ಎಂದು ಬೋರ್ಡು ಹಾಕುವುದು ವಿಚಿತ್ರವೇ. ಹಾಂಗ್‌ಕಾಂಗ್ ಅದೇ ದಾರಿ ಹಿಡಿದು 2007ರ ಜುಲೈಯಲ್ಲಿ ಶುರುಮಾಡಿ 2009ರ ಜುಲೈಗೆ ಪೂರ್ತಿ ಮುಗಿಸಿತು.

ಅಮೆರಿಕ ಈ ಸಂತೆಗೇ ಬರಲಿಲ್ಲ. 1897ರಿಂದ ನಡೆದುಬಂದ ಅವರ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಮೂರು ವರ್ಷಕ್ಕೊಮ್ಮೆ ಪರಿಷ್ಕಾರಗೊಳ್ಳುತ್ತದೆ. ಅದು ಹೇಳುವ ಬಣ್ಣಗಳು ಆಶ್ಚರ್ಯವಾಗುವಷ್ಟು ಕಡಿಮೆ. ನ್ಯೂಟ್ರಲ್ ಬಿಳಿ ಅಥವಾ ಬೂದು. ಅರ್ಥಿಂಗ್ ಹಸಿರು, ಇಲ್ಲವೇ ಹಳದಿ ಪಟ್ಟೆಯ ಹಸಿರು, ಇಲ್ಲವೇ ಹೊದಿಕೆಯೇ ಇಲ್ಲದ ಬರಿಯ ತಾಮ್ರ. ಫೇಸಿಗೆ ಇವುಗಳನ್ನು ಬಿಟ್ಟು ಬೇರೆ ಯಾವುದಾದರೂ ಸರಿ. ಕಪ್ಪು, ಕೆಂಪು, ನೀಲಿ ಎನ್ನುವುದೂ, ಕೈಗಾರಿಕೆಯ 480 ವೋಲ್ಟಿಗೆ ಕಂದು, ಕಿತ್ತಳೆ, ಹಳದಿ ಎನ್ನುವುದೂ ಬಹುಪಾಲು ರೂಢಿಯಿಂದ ಬಂದವು. ಪಕ್ಕದ ಕೆನಡಾ ಕಪ್ಪು, ಕೆಂಪು, ನೀಲಿಯನ್ನೇ ಇಟ್ಟುಕೊಂಡು ಸಾಲು ಮಾತ್ರ ಬದಲಿಸಿದೆ, ಕೆಂಪು ಮೊದಲು, ಕಪ್ಪು ಆಮೇಲೆ. ಜಪಾನಿನ ಮನೆಗಳಲ್ಲೂ ನ್ಯೂಟ್ರಲ್ ಬಿಳಿ.

ಬೆಂಗಳೂರಿನಿಂದ ಅಮೆರಿಕಕ್ಕೆ ಹೋಗಿ ನೆಲೆಸಿದ ಕನ್ನಡಿಗರು ಅಲ್ಲಿನ ಕೂಲಿ ನೋಡಿ ಸೀಲಿಂಗ್ ಫ್ಯಾನನ್ನು ತಾವೇ ತಗುಲಿಸಲು ಏಣಿ ಹತ್ತುವುದುಂಟು. ಅವರಿಗೆ ಒಂದು ಮಾತು: ಊರಿನಲ್ಲಿ ಕಪ್ಪು ನ್ಯೂಟ್ರಲ್, ಅಲ್ಲಿ ಕಪ್ಪು ಫೇಸ್. ಬಿಳಿ ಕಂಡಿತು, ನ್ಯೂಟ್ರಲ್ ಇರಬೇಕು ಎಂದೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಸ್ವಿಚ್ಚಿಗೆ ಇಳಿಸಿದ ಎರಡು ತಂತಿಯ ಕೇಬಲ್ಲಿನಲ್ಲಿ ಬಿಳಿಯನ್ನೇ ಫೇಸ್ ಮಾಡಿ, ತುದಿಗೆ ಕಪ್ಪು ಟೇಪ್ ಸುತ್ತಿ ಗುರುತಿಸುವುದಕ್ಕೆ ಕೋಡ್ ಅವಕಾಶ ಕೊಟ್ಟಿದೆ. ಟೇಪ್ ಕಿತ್ತುಹೋಗಿದ್ದರೆ ಅಥವಾ ಹಿಂದಿನವನು ಸುತ್ತುವ ಗೋಜಿಗೇ ಹೋಗಿರದಿದ್ದರೆ ಬಿಳಿ ತಂತಿಯಲ್ಲಿ 120 ವೋಲ್ಟು ಕಾದಿರುತ್ತದೆ.

ಚೀನಾದ ತ್ರೀಫೇಸ್ ಸಾಲು ಹಳದಿ, ಹಸಿರು, ಕೆಂಪು. ರಷ್ಯಾದ ಬಸ್‌ಬಾರುಗಳಲ್ಲೂ ಅದೇ ಸಾಲು. ಅಂದರೆ ಜಗತ್ತಿನ ಅತಿದೊಡ್ಡ ಕಾರ್ಖಾನೆಗಳ ದೇಶದಲ್ಲಿ ಬರಿಯ ಹಸಿರು ತಂತಿ ಅರ್ಥಿಂಗ್ ಅಲ್ಲ, ನಡುವಿನ ಫೇಸ್. ಅಲ್ಲಿಂದ ಬಂದ ದೊಡ್ಡ ಯಂತ್ರದ ಪ್ಯಾನೆಲ್ ತೆರೆದ ನಮ್ಮ ಕೆಲಸಗಾರ ಹಸಿರು ಕಂಡ ಕೂಡಲೇ ಅರ್ಥಿಂಗ್ ಎಂದುಕೊಂಡರೆ ಕೆಲಸ ಕೆಟ್ಟಿತು. ಆದರೆ ಅದೇ ಕಾರ್ಖಾನೆಗಳು ಜಗತ್ತಿಗೆಲ್ಲ ಕಳಿಸುವ ಮಿಕ್ಸಿ, ಕೆಟಲ್, ಕಂಪ್ಯೂಟರ್ ಬಳ್ಳಿಗಳೊಳಗೆ ಕಂದು, ನೀಲಿ, ಹಸಿರು-ಹಳದಿ.

ಒಂದೊಂದು ಬಣ್ಣದ ಜಾತಕ ಬರೆದರೆ ಹೀಗಿರುತ್ತದೆ. ಕಪ್ಪು ನಮ್ಮಲ್ಲಿ ನ್ಯೂಟ್ರಲ್, ಅಮೆರಿಕ ಮತ್ತು ಯುರೋಪಿನಲ್ಲಿ ಫೇಸ್. ನೀಲಿ ನಮ್ಮಲ್ಲೂ ಅಮೆರಿಕದಲ್ಲೂ ಮೂರನೆಯ ಫೇಸ್, ಯುರೋಪಿನಲ್ಲಿ ನ್ಯೂಟ್ರಲ್. ಬೂದು ಅಮೆರಿಕದಲ್ಲಿ ನ್ಯೂಟ್ರಲ್, ಹಳೆಯ ಜರ್ಮನಿಯಲ್ಲೂ ನ್ಯೂಟ್ರಲ್, ಈಗಿನ ಜರ್ಮನಿಯಲ್ಲಿ ಫೇಸ್. ಬಿಳಿ ಅಮೆರಿಕದಲ್ಲಿ ನ್ಯೂಟ್ರಲ್, ಆಸ್ಟ್ರೇಲಿಯಾದ ತ್ರೀಫೇಸ್ ಸಾಲಿನಲ್ಲಿ ಎರಡನೆಯ ಫೇಸ್. ಕೆಂಪಿನ ಕಥೆ ಆಗಲೇ ಹೇಳಿದೆ. ಈ ಪಟ್ಟಿಯಲ್ಲಿ ಎಲ್ಲಿ ಹೋದರೂ ಒಂದೇ ಅರ್ಥ ಹೇಳುವುದು ಹಸಿರು-ಹಳದಿ ಪಟ್ಟೆ ಮಾತ್ರ. ಅಮೆರಿಕ ಕೂಡ ಅದನ್ನು ಒಪ್ಪುತ್ತದೆ, ಚೀನಾ ಕೂಡ. ಯಾರ ಹಳೆಯ ಬಣ್ಣವನ್ನೂ ಕಸಿದುಕೊಳ್ಳದೆ ಹೊಸದಾಗಿ ಬಂದದ್ದೇ ಅದರ ಗೆಲುವಿಗೆ ಕಾರಣ ಎಂದು ನನ್ನ ತೀರ್ಮಾನ. ಇದ್ದ ಬಣ್ಣಗಳನ್ನೇ ಕಲಸಿ ಮತ್ತೆ ಹಂಚಿದ ಕಡೆಯೆಲ್ಲ ಫಲಕ ಅಂಟಿಸಬೇಕಾಯಿತು.

ಕರೆಂಟಿನ ತಂತಿಯ ಆಚೆಗೂ ಇದೇ ನಾಟಕ ನಡೆದಿದೆ. ಇಸಿಜಿ ತೆಗೆಯುವಾಗ ಮೈಗೆ ಅಂಟಿಸುವ ತಂತಿಗಳಿಗೆ ಐಇಸಿಯ ಬಣ್ಣಗಳೇ ಬೇರೆ, ಅಮೆರಿಕನ್ ಹಾರ್ಟ್ ಅಸೋಸಿಯೇಷನ್ನಿನವೇ ಬೇರೆ. ಐಇಸಿಯಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಅಮೆರಿಕದ್ದರಲ್ಲಿ ಬಲಗೈಗೆ ಬಿಳಿ, ಎಡಗೈಗೆ ಕಪ್ಪು, ಎಡಗಾಲಿಗೆ ಕೆಂಪು, ಬಲಗಾಲಿಗೆ ಹಸಿರು. ಕುಲುಮೆಯ ಬಿಸಿ ಅಳೆಯುವ ಥರ್ಮೋಕಪಲ್ ತಂತಿಗಳಲ್ಲಿ ಅಮೆರಿಕದ ಪದ್ಧತಿಯಂತೆ ಕೆಂಪು ಎಂದರೆ ಯಾವಾಗಲೂ ಋಣ. ಬ್ಯಾಟರಿ ನೋಡಿ ಬೆಳೆದವರಿಗೆ ಕೆಂಪು ಧನ ಎಂಬುದು ರಕ್ತದಲ್ಲೇ ಇರುತ್ತದೆ, ಅವರು ಇಲ್ಲಿ ಒಮ್ಮೆಯಾದರೂ ಎಡವುತ್ತಾರೆ.

ಹೊಸ ಬಣ್ಣ ಹುಡುಕಿದ ಕಡೆ ಕೆಲಸ ಸಲೀಸಾಗಿದೆ. ವಿದ್ಯುತ್ ಕಾರು ತೆರೆದು ನೋಡಿದರೆ ಎದ್ದು ಕಾಣುವ ಕಿತ್ತಳೆ ಬಣ್ಣದ ದಪ್ಪ ಕೇಬಲ್ಲುಗಳಿರುತ್ತವೆ. ಹೊರಗೆ ಕಾಣುವ ಹೈವೋಲ್ಟೇಜ್ ತಂತಿಯ ಹೊದಿಕೆ ಕಿತ್ತಳೆಯೇ ಆಗಿರಬೇಕೆಂದು ವಿಶ್ವಸಂಸ್ಥೆಯ ವಾಹನ ನಿಯಮ 100 ಹೇಳುತ್ತದೆ. ಹನ್ನೆರಡು ವೋಲ್ಟಿನ ವೈರುಗಳಲ್ಲಿ ಕೈಯಾಡಿಸಿ ಅಭ್ಯಾಸವಾದ ಮೆಕ್ಯಾನಿಕ್ ಅದನ್ನು ಕಂಡರೆ ಕೈ ಹಿಂದೆ ತೆಗೆಯುತ್ತಾನೆ. ಕಾರ್ಖಾನೆಯ ಯಂತ್ರಗಳ ಮಾನಕ ಐಇಸಿ 60204ರಲ್ಲೂ ಕಿತ್ತಳೆಗೆ ವಿಶೇಷ ಜಾಗವಿದೆ. ಮೇನ್ ಸ್ವಿಚ್ ಆರಿಸಿದ ಮೇಲೂ ಯಾವ ತಂತಿಯಲ್ಲಿ ಕರೆಂಟು ಉಳಿದಿರುತ್ತದೋ ಅದಕ್ಕೆ ಆ ಬಣ್ಣ. ಐಇಸಿ ಈಚೆಗೆ ಸುರಕ್ಷತೆಗಲ್ಲದೆ ಉಪಕರಣದ ಕೆಲಸಕ್ಕಾಗಿಯಷ್ಟೇ ನೆಲಕ್ಕೆ ಜೋಡಿಸುವ ತಂತಿಗೆ ಗುಲಾಬಿಯನ್ನು ಕೊಟ್ಟಿದೆ. ಡಿಸಿ ತಂತಿಗೆ ಬಂದಾಗ ಮಾತ್ರ ಮತ್ತೆ ಹಳೆಯ ಚಾಳಿ: ಐಇಸಿಯ ಪ್ರಕಾರ ಧನ ಕೆಂಪು, ಋಣ ಬಿಳಿ. ಬ್ರಿಟನ್ನಿನಲ್ಲಿ ಕಂದು ಮತ್ತು ಬೂದು. ಮಾಳಿಗೆಯ ಮೇಲಿನ ಸೋಲಾರ್ ಪ್ಯಾನೆಲ್ಲಿನಿಂದ ಇಳಿದುಬರುವುದು ಸಾಮಾನ್ಯವಾಗಿ ಕೆಂಪು ಮತ್ತು ಕಪ್ಪು.

ನಮ್ಮ ಮನೆಗೆ ಬರೋಣ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಕರೆಂಟು ಹರಿದಾಗ ವಿದ್ಯುತ್ ಯಂತ್ರಗಳು ಬಂದದ್ದು ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಿಂದ. 1905ರಲ್ಲಿ ಬೆಂಗಳೂರಿಗೆ ದೀಪ ಬಂತು. ಗೋಡೆಯ ಮೇಲಿನ ಪದ್ಧತಿ ಮಾತ್ರ ಬ್ರಿಟಿಷರದು: ಬಿಎಸ್ 546ರ ವಂಶದ ಮೂರು ದುಂಡು ಪಿನ್ನು, ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ತ್ರೀಫೇಸಿಗೆ ಕೆಂಪು-ಹಳದಿ-ನೀಲಿ. ನಮ್ಮ ಎಲೆಕ್ಟ್ರಿಷಿಯನ್ನರ ಬಾಯಲ್ಲಿ ಅದು ಆರ್-ವೈ-ಬಿ. 1985ರ ಭಾರತೀಯ ಮಾನಕ ಐಎಸ್ 11353ರಲ್ಲೂ ವೈರಿಂಗಿನ ಐಎಸ್ 732ರ ರೂಢಿಯಲ್ಲೂ ಈ ಸಾಲೇ ನಡೆದುಬಂದಿದೆ. ಬ್ರಿಟನ್ ಬಿಟ್ಟ ಬಣ್ಣವನ್ನು ನಾವು ಇಟ್ಟುಕೊಂಡಿದ್ದೇವೆ. ಅದೇ ಹೊತ್ತಿಗೆ ಹೊರಗಿನಿಂದ ಬರುವ ಬಳ್ಳಿಗಳೊಳಗೆ ಕಂದು-ನೀಲಿ. ಅಂದರೆ ಬ್ರಿಟನ್ 1969ರಿಂದ 2004ರವರೆಗೆ ಯಾವ ಸ್ಥಿತಿಯಲ್ಲಿತ್ತೋ ಇವತ್ತು ನಾವು ಅಲ್ಲಿದ್ದೇವೆ.

ಕಾಗದದ ಮೇಲಿನ ಬಣ್ಣ ಒಂದು, ಅಂಗಡಿಯ ಬಣ್ಣ ಇನ್ನೊಂದು. ನಮ್ಮಲ್ಲಿ ವೈರು ಬರುವುದು 90 ಮೀಟರಿನ ಕಾಯಿಲ್ ಆಗಿ. ಲೈಟಿಗೆ ಒಂದೂವರೆ ಎಂಎಂ, ಪವರ್ ಪ್ಲಗ್ಗಿಗೆ ಎರಡೂವರೆ, ಗೀಸರಿಗೆ ನಾಲ್ಕು ಎಂದು ಲೆಕ್ಕ ಹಾಕಿ ಕೆಂಪು ಇಷ್ಟು, ಕಪ್ಪು ಇಷ್ಟು, ಹಸಿರು ಇಷ್ಟು ಎಂದು ಮೇಸ್ತ್ರಿ ಚೀಟಿ ಬರೆದುಕೊಡುತ್ತಾನೆ. ಕೊನೆಯ ಕೋಣೆಗೆ ಬರುವಾಗ ಕೆಂಪು ಮುಗಿದಿರುತ್ತದೆ. ಆರು ಮೀಟರಿಗಾಗಿ ಯಾರು ಹೊಸ ಕಾಯಿಲ್ ತರುತ್ತಾರೆ? ಇದ್ದ ಹಸಿರನ್ನೇ ಪೈಪಿನೊಳಗೆ ಎಳೆದರಾಯಿತು. ಮನೆ ಕಟ್ಟಿಸುವವರು ಟೈಲ್ಸಿನ ಬಣ್ಣಕ್ಕೆ ನಾಲ್ಕು ಅಂಗಡಿ ಸುತ್ತುತ್ತಾರೆ, ಗೋಡೆಯೊಳಗಿನ ಬಣ್ಣ ಯಾವುದೆಂದು ಕೇಳುವುದಿಲ್ಲ. ನನಗೂ ಇದು ಬಹಳ ತಡವಾಗಿ ತಲೆಗೆ ಹೋಯಿತು.

ಹೋದದ್ದು ಒಂದು ಎಲ್‌ಇಡಿ ಬಲ್ಬಿನಿಂದ. ನಮ್ಮ ಅಡುಗೆಮನೆಯ ಹಳೆಯ ಬಲ್ಬು ಕೆಟ್ಟು ಎಲ್‌ಇಡಿ ಹಾಕಿದ ಮೇಲೆ ರಾತ್ರಿ ಸ್ವಿಚ್ ಆರಿಸಿದರೂ ಅದು ಮಿಣುಕು ಹುಳದ ಹಾಗೆ ಬೆಳಗುತ್ತಿತ್ತು. ಬಲ್ಬು ಬದಲಿಸಿದರೂ ಅದೇ. ಬೀದಿಯ ಕೊನೆಯ ಮನೆಯ ಎಲೆಕ್ಟ್ರಿಷಿಯನ್ ಬಂದು ಬೋರ್ಡ್ ಬಿಚ್ಚಿ, "ಸಾರ್, ಸ್ವಿಚ್ ನ್ಯೂಟ್ರಲ್ ಮೇಲೆ ಕೂತದೆ" ಎಂದ. ನೋಡಿದರೆ ಸ್ವಿಚ್ಚಿಗೆ ಕೆಂಪು ತಂತಿಯೇ ಬಂದಿದೆ, ನಿಯಮದ ಪ್ರಕಾರ ಎಲ್ಲ ಸರಿ. ಆದರೆ ಹಿಂದೆ ಯಾವಾಗಲೋ ಮೀಟರ್ ಬದಲಿಸುವಾಗಲೋ ಮೇನ್ ಬಿಚ್ಚಿದಾಗಲೋ ಎರಡು ತಂತಿ ಅದಲುಬದಲಾಗಿ, ಇಡೀ ಮನೆಯ ಕೆಂಪು ನ್ಯೂಟ್ರಲ್ ಆಗಿ, ಕಪ್ಪು ಫೇಸ್ ಆಗಿ ಕೂತಿತ್ತು. ಹಳೆಯ ಬಲ್ಬಿಗೆ ಅದರಿಂದ ವ್ಯತ್ಯಾಸ ಕಾಣುತ್ತಿರಲಿಲ್ಲ. ಎಲ್‌ಇಡಿಗೆ ಸೋರುವ ಒಂದಿಷ್ಟು ಕರೆಂಟೇ ಸಾಕು ಬೆಳಗಲು. ಅಷ್ಟು ವರ್ಷ ನಾನು ಸ್ವಿಚ್ ಆರಿಸಿ ಹೋಲ್ಡರಿಗೆ ಕೈ ಹಾಕಿ ಬಲ್ಬು ಬದಲಿಸಿದ್ದೆಲ್ಲ 230 ವೋಲ್ಟಿನ ಪಕ್ಕದಲ್ಲೇ ಬೆರಳಾಡಿಸಿದ ಹಾಗೆ. ಬಣ್ಣದ ಸಾಲು ಒಂದು ಕಡೆ ತಪ್ಪಿದರೆ ಆಮೇಲಿನದೆಲ್ಲ ಶಿಸ್ತಾಗಿ, ಕ್ರಮಬದ್ಧವಾಗಿ ತಪ್ಪೇ.

ತ್ರೀಫೇಸಿನಲ್ಲಿ ಬಣ್ಣಕ್ಕೆ ಇನ್ನೂ ಒಂದು ಹೊಣೆಯಿದೆ. ಅದು ಸಾಲನ್ನೂ ಹೇಳಬೇಕು. ಬೋರ್‌ವೆಲ್ ಇರುವ ರೈತರಿಗೆ ಇದು ಪಾಠ ಮಾಡಬೇಕಾದ ವಿಷಯವಲ್ಲ. ಊರಿನ ಟಿಸಿ (ಟ್ರಾನ್ಸ್‌ಫಾರ್ಮರ್) ಸುಟ್ಟು ಹೊಸದು ಕೂರಿಸಿದ ಮಾರನೆಯ ದಿನ ಮೋಟಾರು ಗುಂಯ್‌ಗುಡುತ್ತದೆ, ನೀರು ಮಾತ್ರ ಅರ್ಧಕ್ಕರ್ಧ. ಎಲ್ಲೋ ಎರಡು ಫೇಸು ಅದಲುಬದಲಾಗಿ ಪಂಪು ಉಲ್ಟಾ ತಿರುಗುತ್ತಿದೆ ಎಂದು ಅರ್ಥ. ಸ್ಟಾರ್ಟರಿನಲ್ಲಿ ಯಾವುದಾದರೂ ಎರಡು ತಂತಿ ಬದಲಾಯಿಸಿ ಹಾಕಿದರೆ ಸರಿಹೋಗುತ್ತದೆ. ಹಾಗೆ ಬದಲಾಯಿಸಿದ ಮೇಲೆ ಆ ಸ್ಟಾರ್ಟರಿನಲ್ಲಿ ಹಳದಿಯ ಜಾಗದಲ್ಲಿ ನೀಲಿ, ನೀಲಿಯ ಜಾಗದಲ್ಲಿ ಹಳದಿ. ನೀರು ಬಂತಲ್ಲ, ಬಣ್ಣ ಯಾರಿಗೆ ಬೇಕು?

ಹಾಗಿದ್ದರೆ ಭಾರತವೂ ಬ್ರಿಟನ್ನಿನ ಹಾಗೆ ಕಂದು-ಕಪ್ಪು-ಬೂದು-ನೀಲಿಗೆ ಹಾರಬೇಕೇ? ಉದ್ಯಮದವರ ವಾದ ಸುಲಭ: ಒಂದೇ ಕೇಬಲ್ ಮಾಡಿ ಎಲ್ಲ ದೇಶಕ್ಕೂ ಮಾರಬಹುದು. ಬಹುತಂತಿಯ ಕೇಬಲ್ಲಿನಲ್ಲಿ ಬರಿಯ ಹಳದಿಯನ್ನೂ ಬರಿಯ ಹಸಿರನ್ನೂ ಐಇಸಿಯ ಪಿವಿಸಿ ಕೇಬಲ್ ಮಾನಕ ಒಪ್ಪುವುದಿಲ್ಲ, ಪಟ್ಟೆಯ ತಂತಿಯೊಂದಿಗೆ ಕಲಸಿಹೋಗಬಾರದೆಂದು. ನಮ್ಮ ನಡುವಿನ ಫೇಸಿನ ಹಳದಿಗೆ ಈ ಆಕ್ಷೇಪ ನ್ಯಾಯವಾಗಿಯೇ ತಟ್ಟುತ್ತದೆ. ಆದರೂ ನನ್ನ ಒಲವು ಬೇಡ ಎಂಬ ಕಡೆಗೇ. ಬ್ರಿಟನ್ನಿನಲ್ಲಿ ಪ್ರತಿ ಬೋರ್ಡಿನ ಮೇಲೆ ಫಲಕ ಅಂಟಿಸಬಲ್ಲ ವ್ಯವಸ್ಥೆಯಿತ್ತು, ತರಬೇತಿ ಪಡೆದ ಕೆಲಸಗಾರರಿದ್ದರು. ನಮ್ಮಲ್ಲಿ ಅಪ್ಪನಿಂದ ಮಗನಿಗೆ, ಮೇಸ್ತ್ರಿಯಿಂದ ಹುಡುಗನಿಗೆ ಬಾಯಿಮಾತಿನಲ್ಲಿ ಇಳಿಯುವ ವಿದ್ಯೆ ಇದು. ಕಪ್ಪು ಎಂದರೆ ನ್ಯೂಟ್ರಲ್ ಎಂದು ಎರಡು ತಲೆಮಾರು ಕಲಿತದ್ದನ್ನು ಒಂದು ಅಧಿಸೂಚನೆಯಿಂದ ತಿರುಗಿಸಿದರೆ ಆ ಅಧಿಸೂಚನೆ ತಲುಪದ ಕೈಗಳೇ ಹೆಚ್ಚು. ಅದರ ಬದಲು ಬರಿಯ ಹಸಿರನ್ನು ಬಿಟ್ಟು ಹಸಿರು-ಹಳದಿ ಪಟ್ಟೆಯನ್ನೇ ಅರ್ಥಿಂಗ್‌ಗೆ ಹಾಕಿಸುವುದು, ಆ ತಂತಿಯನ್ನು ಬೇರೆ ಯಾವುದಕ್ಕೂ ಎಳೆಯದಿರುವುದು, ಹಾಕಿದ ಅರ್ಥಿಂಗ್ ನಿಜವಾಗಿ ನೆಲ ಮುಟ್ಟಿದೆಯೇ ಎಂದು ನೋಡುವುದು ಮೊದಲಾಗಲಿ. ಬಣ್ಣ ಸರಿಯಿದ್ದು ಅರ್ಥಿಂಗ್ ಗುಂಡಿಯಲ್ಲಿ ಕಂಬಿಯೇ ಇಲ್ಲದ ಮನೆಗಳನ್ನು ಯಾವ ಮಾನಕವೂ ಹೊರಗಿನಿಂದ ಗುರುತಿಸಲಾರದು. ಬೆಂಗಳೂರಿನಲ್ಲೇ 1960ರಿಂದ ಇರುವ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯಲ್ಲಿ ಕೇಬಲ್ಲುಗಳ ಪರೀಕ್ಷೆ ನಡೆಯುತ್ತದೆ. ಗೋಡೆಯೊಳಗೆ ಹೋದ ಮೇಲೆ ಆ ಕೇಬಲ್ಲನ್ನು ಪರೀಕ್ಷಿಸುವವರು ಯಾರೂ ಇಲ್ಲ.

ನಮ್ಮ ಎಲೆಕ್ಟ್ರಿಷಿಯನ್ ಅಂದು ಮಾಡಿದ ಕೆಲಸವನ್ನು ಹತ್ತಿರದಿಂದ ನೋಡಿದೆ. ಬೋರ್ಡ್ ಮುಟ್ಟುವ ಮುಂಚೆ ಟೆಸ್ಟರನ್ನು ಪಕ್ಕದ ಕೋಣೆಯ ಸಾಕೆಟ್ಟಿನಲ್ಲಿಟ್ಟು ಅದು ಉರಿಯುತ್ತದೆಯೇ ನೋಡಿಕೊಂಡ. ಆಮೇಲೆ ಕೆಂಪಿಗೂ ಕಪ್ಪಿಗೂ ಇಟ್ಟ. ಮತ್ತೆ ಹೋಗಿ ಅದೇ ಸಾಕೆಟ್ಟಿನಲ್ಲಿ ಟೆಸ್ಟರನ್ನು ಇನ್ನೊಮ್ಮೆ ನೋಡಿ ಬಂದ. ಆಮೇಲೆ ಮೇನ್ ಆರಿಸಿ, ಮೀಟರ್ ಬೋರ್ಡಿನಲ್ಲಿ ತಿರುವುಮುರುವಾಗಿದ್ದ ಎರಡು ತಂತಿಗಳನ್ನು ಸರಿಪಡಿಸಿದ. ಅಲ್ಲಿ ನೋಡಿದರೆ ಎರಡೂ ಕಪ್ಪು. ಬಹುಶಃ ಕೆಂಪು ಮುಗಿದಿದ್ದ ದಿನ ಎಳೆದದ್ದು. ಜೇಬಿನಿಂದ ಇನ್ಸುಲೇಷನ್ ಟೇಪಿನ ಕೆಂಪು ಸುರುಳಿ ತೆಗೆದು, ಹಲ್ಲಿನಲ್ಲಿ ಕಚ್ಚಿ ಒಂದು ಗೇಣು ಹರಿದು, ಫೇಸಿನ ತುದಿಗೆ ಎರಡು ಸುತ್ತು ಸುತ್ತಿದ.